ಸಕಲೇಶಪುರದ ಹಳೇ ರೈಲ್ವೆ ಯಾರ್ಡನ್ನ ಪ್ಲೈವುಡ್ ಮೇಲೆ ಕಟ್ಟಿದ್ದು: ನನ್ನ ಅನುಭವ

ಸಕಲೇಶಪುರ ಯಾರ್ಡಲ್ಲಿ ಮೀಟರ್ ಗೇಜ್ (ಎರಡು ಹಳಿ ನಡುವೆ ಒಂದು ಮೀಟರ್ ಅಂತರ) ಡೀಸೆಲ್ ಇಂಜಿನ್ನು, ಅದೇ ವೈಡಿಎಂ-4, ನಿಂತಿದ್ದನ್ನ ಕೊನೇಸಲ ನೋಡಿದಾಗ ನಾನಿನ್ನೂ ಎಂಟನೇ ಕ್ಲಾಸು. 1979ರಲ್ಲಿ ಶುರುವಾಗಿದ್ದ ಹಾಸನ-ಮಂಗಳೂರು ಲೈನನ್ನ 1996ರಲ್ಲಿ ಬ್ರಾಡ್‌ಗೇಜ್, ಅಂದ್ರೆ ಅಗಲ ಹಳಿ ಮಾಡ್ತೀವಿ ಅಂತ ಬಂದ್ ಮಾಡಿದ್ರು, ಮತ್ತೆ ಗೂಡ್ಸ್ ಬಂದಿದ್ದು 2006ಕ್ಕೆ, ಪ್ಯಾಸೆಂಜರ್ ಗಾಡಿ 2007ರ ಡಿಸೆಂಬರಿಗೆ. ಆ ಹತ್ತು ವರ್ಷ ಹಳಿ ಪೂರ್ತಿ ಟ್ರೆಕ್ಕಿಂಗ್‌ನೋರ ಪಾಲು, ಎಡಕುಮರಿ ತನಕ ಸುರಂಗದೊಳಗೆ ಟಾರ್ಚ್ ಹಿಡ್ಕೊಂಡು ಹೋಗೋರು.

ಲಾಕ್‌ಡೌನಲ್ಲಿ ಕೈ ಖಾಲಿ ಇತ್ತು, ಆ ಯಾರ್ಡಿನ ಪುಟ್ಟ ಮಾಡೆಲ್ ಕಟ್ಟೋಣ ಅಂತ ಕೂತೆ. ಅಸಲಿಯ 87 ಪಾಲಲ್ಲಿ ಒಂದು ಪಾಲು ಅಳತೆ, ಸಾವಿರ ಮಿ.ಮೀ. ಗೇಜು ಅಂದ್ರೆ ಹನ್ನೊಂದೂವರೆ ಮಿ.ಮೀ., ಮಾಡೆಲ್‌ನೋರು 12 ಅಂತ ಹಿಡೀತಾರೆ. ಐಸ್‌ಕ್ರೀಂ ಕಡ್ಡಿ ಸೀಳಿ ಸ್ಲೀಪರ್ (ಹಳಿ ಕೆಳಗಿನ ಅಡ್ಡಪಟ್ಟಿ) ಮಾಡಿದೆ, ಜಲ್ಲಿಗೆ ಎಂ-ಸ್ಯಾಂಡನ್ನ ಟೀ ಜರಡೀಲಿ ಜರಡಿ ಹಿಡಿದೆ. ಮೊದಲ್ನೇ ಸಲ ಫೆವಿಕಾಲ್‌ಗೆ ಬರೀ ನೀರು ಬೆರೆಸಿ ಆ ಜಲ್ಲಿ ಮೇಲೆ ಸಿರಿಂಜಲ್ಲಿ ಬಿಟ್ರೆ ಹನಿ ಗೋಲಿ ಥರ ಉರುಳಿ ಮರಳನ್ನೇ ಎತ್ಕೊಂಡು ಹೋಯ್ತು, ಎರಡು ದಿನದ ಕೆಲಸ ಕೆರೆದು ಬಿಸಾಕಿದೆ. ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ತೊಟ್ಟು ಹಾಕಿದ್ಮೇಲೆ ಸಲೀಸಾಗಿ ಇಂಗ್ತು. ತುಕ್ಕಿನ ಬಣ್ಣಕ್ಕೆ ಗಟ್ಟಿ ಕಾಫಿ ಡಿಕಾಕ್ಷನ್ನು, ಮೇಲೆ ತೋಟದ ಕೆಮ್ಮಣ್ಣು ಚಿಟಿಕೆ ಉದುರಿಸಿ ಬ್ರಷ್‌ ಆಡಿಸಿದೆ, ಪೇಂಟಿಗಿಂತ ಇದೇ ಚೆನ್ನಾಗಿ ಬಂತು.

ಇಂಜಿನ್ನು ಸನ್‌ಬೋರ್ಡಲ್ಲಿ (ಹಗುರಾದ ಫೋಮ್ ಹಲಗೆ) ಕತ್ತರಿಸಿದ್ದು. ಓಡಲ್ಲ, ಸುಮ್ನೆ ನಿಲ್ಲತ್ತೆ, ಪಾಳುಬಿದ್ದ ಯಾರ್ಡು ತಾನೆ. ಅಸಲಿ ವೈಡಿಎಂ-4 ಅಮೆರಿಕದ ಆಲ್ಕೋ ಕಂಪನಿ ಡಿಸೈನು, ಆಮೇಲೆ ವಾರಾಣಸೀಲೂ ಕಟ್ಟಿದ್ರು. ಆರು ಸಿಲಿಂಡರ್, ಸುಮ್ನೆ ನಿಂತಾಗ ಬಿಟ್ಟು ಬಿಟ್ಟು ಗುಡುಗೋದು, ಥ್ರಾಟಲ್ ಎಳೆದ್ರೆ ಟರ್ಬೋ (ಇಂಜಿನ್ನಿಗೆ ಜಾಸ್ತಿ ಗಾಳಿ ತಳ್ಳೋದು) ಹಿಡಿಯೋವರೆಗೆ ಕರೀ ಹೊಗೆ ಬುಸ್ ಅಂತ. ಇದರದ್ದೇ ದಾಯಾದಿ ಇಂಜಿನ್ನುಗಳು ಅಲಾಸ್ಕಾದ ಹಿಮದಲ್ಲಿ ಓಡಿದಾವಂತೆ ಅಂತ ಓದಿದಾಗ ನನಗೆ ಸುಮ್ನೆ ಹೆಮ್ಮೆ.

ಜಗಳ ಆಗಿದ್ದು ಬಣ್ಣಕ್ಕೆ. ಒಬ್ಬ ಫ್ರೆಂಡು ನೀಲಿ ಅಂದ, ಇನ್ನೊಬ್ಬ ಕಾಫಿ ಹಣ್ಣಿನ ಕೆಂಪು ಅಂದ, ನನ್ನ ಹತ್ರ ಇದ್ದ ಒಂದೇ ಫೋಟೋ ಬ್ಲ್ಯಾಕ್ ಅಂಡ್ ವೈಟು! ಇಬ್ರೂ ಆಣೆ ಹಾಕೋಕೆ ರೆಡಿ. ಕೊನೆಗೆ ಒಂದು ಮಗ್ಗುಲು ನೀಲಿ, ಇನ್ನೊಂದು ಮಗ್ಗುಲು ಕೆಂಪು ಹೊಡೆದೆ, ಯಾರು ಮನೆಗೆ ಬರ್ತಾರೋ ಆ ಕಡೆ ತಿರುಗಿಸಿ ಇಡೋದು.

ಹೋದ್ ವರ್ಷ ದೊಡ್ಡಪ್ಪ ಬಂದಿದ್ರು, ಆ ಲೈನಲ್ಲೇ ಡ್ರೈವರ್ ಆಗಿದ್ದೋರು. ಕನ್ನಡಕ ಹಣೆ ಮೇಲೆ ಏರಿಸಿ ತುಂಬ ಹೊತ್ತು ಬಗ್ಗಿ ನೋಡಿದ್ರು. ಬಣ್ಣದ ಮಾತೇ ಎತ್ಲಿಲ್ಲ. "ರೇಡಿಯೇಟರ್ ಫ್ಯಾನು ಕ್ಯಾಬಿನ್ ಪಕ್ಕ ಯಾಕೋ ಕೂರಿಸಿದ್ದೀಯ, ಅದು ಉದ್ದ ಮೂತಿ ತುದೀಲಿ ಇರೋದು" ಅಂದ್ರು. ಬ್ಲೇಡ್ ಕೊಡು ಅಂತ ಕೈ ಚಾಚಿದ್ರು.