ಸಾಧನೆ ಪಟ್ಟಿ ಮಾಡಲು ಕೂತಾಗ: ನನ್ನ ಅನುಭವ

ವರ್ಷಕ್ಕೊಮ್ಮೆ ಪ್ರಿನ್ಸಿಪಾಲರ ಕಚೇರಿಯಿಂದ ಸುತ್ತೋಲೆ ಬರುತ್ತದೆ. ‘ವಿಭಾಗದ ಬೋಧಕರ ಸಾಧನೆ ಹಾಗೂ ಮುಂದಿನ ವರ್ಷದ ಯೋಜನೆಗಳನ್ನು ಮೂರು ದಿನದೊಳಗೆ ಕಳುಹಿಸತಕ್ಕದ್ದು.’ ಕಾಗದ ನಮ್ಮ ವಿಭಾಗ ಮುಟ್ಟುವಷ್ಟರಲ್ಲಿ ಆ ಮೂರರಲ್ಲಿ ಎರಡು ದಿನ ಮುಗಿದಿರುತ್ತದೆ. ನಾನು ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳ ವಿಭಾಗದ ಅಸೋಸಿಯೇಟ್ ಪ್ರೊಫೆಸರ್. ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರಾದ ಸರ್, ಸುತ್ತೋಲೆಯ ಮೂಲೆಯಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದರು. ಅಲ್ಲಿಗೆ ಅವರ ಕೆಲಸ ಮುಗೀತು, ನನ್ನದು ಶುರುವಾಯಿತು.

ಹಿಂದಿನ ವರ್ಷಗಳಲ್ಲಿ ಇದನ್ನು ಹೇಗೆ ಮಾಡುತ್ತಿದ್ದೆವು ಅಂತ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ. ಹಳೇ ವರ್ಡ್ ಫೈಲ್ ತೆಗೆಯುವುದು. ಇಸವಿ ಬದಲಿಸುವುದು. ವರ್ಗ ಆಗಿಹೋದವರ ಹೆಸರು ಅಳಿಸುವುದು. ವಾಟ್ಸಾಪ್ ಗುಂಪಿನಲ್ಲಿ ‘ನಿಮ್ಮದು ಏನಾದ್ರೂ ಇದ್ರೆ ಇವತ್ತು ಸಂಜೆಯೊಳಗೆ ಹಾಕಿ’ ಅಂತ ಬರೆಯುವುದು. ಯಾರೋ ಗೆಸ್ಟ್ ಲೆಕ್ಚರ್‌ನಲ್ಲಿ ಶಾಲು ಹೊದೆಸಿಕೊಂಡ ಫೋಟೊ ಹಾಕುತ್ತಾರೆ, ಅದೂ ಸೇರುತ್ತದೆ. ಕೊನೆಯ ಪುಟದ ಯೋಜನೆಯಂತೂ ನಾಲ್ಕು ವರ್ಷದಿಂದ ಅದೇ ಸಾಲು: ‘ಸುಸಜ್ಜಿತ ನವಜಾತ ಶಿಶು ಘಟಕವನ್ನು ಮೇಲ್ದರ್ಜೆಗೆ ಏರಿಸಲಾಗುವುದು.’ ಯಾರು ಏರಿಸುತ್ತಾರೆ, ಯಾವಾಗ, ಯಾವ ದುಡ್ಡಿನಲ್ಲಿ, ಒಂದೂ ಇಲ್ಲ. ಸುಮ್ನೆ ಇರುತ್ತಿತ್ತು, ಗೋಡೆ ಮೇಲಿನ ಹಳೇ ಕ್ಯಾಲೆಂಡರ್ ಥರ.

ಈ ಸಲ ಹಾಗೆ ಮಾಡಲು ಆಗಲಿಲ್ಲ. ಕಾರಣ ನಮ್ಮ ಅಸಿಸ್ಟೆಂಟ್ ಪ್ರೊಫೆಸರ್ ಒಬ್ಬರು. ಬಡ್ತಿ ಅರ್ಜಿ ತುಂಬುತ್ತಾ ಕೂತಿದ್ದರು. ನಾನು ಪಟ್ಟಿ ಮಾಡುತ್ತಿರುವುದು ನೋಡಿ, ‘ಮೇಡಂ, ನನ್ನ ಪೇಪರ್ ನಾಲ್ಕಿದೆ ಅಂತ ನೀವು ಬರೆದಿದ್ದೀರ. ಆದರೆ ಇವುಗಳಲ್ಲಿ ಲೆಕ್ಕಕ್ಕೆ ಬರೋದು ಎಷ್ಟು?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಂಜೆ ಕೂತು ನಿಯಮ ಓದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಂದು, ಆಗ ಜಾರಿಯಲ್ಲಿದ್ದ ಬೋಧಕರ ಅರ್ಹತೆಯ ನಿಯಮದಲ್ಲಿ ಮೂಲ ಸಂಶೋಧನೆ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಮೆಟಾ ಅನಾಲಿಸಿಸ್ ಮತ್ತು ಸಿಸ್ಟಮ್ಯಾಟಿಕ್ ರಿವ್ಯೂ, ಹಲವು ರೋಗಿಗಳ ಕೇಸ್ ಸೀರೀಸ್, ಇವಿಷ್ಟಕ್ಕೇ ಬೆಲೆ ಇತ್ತು. ಒಂದೇ ರೋಗಿಯ ಕೇಸ್ ರಿಪೋರ್ಟ್‌ಗೆ ಇರಲಿಲ್ಲ. ಜರ್ನಲ್ ಕೂಡ ಪಬ್‌ಮೆಡ್ ಸೆಂಟ್ರಲ್, ಸ್ಕೋಪಸ್, ಎಂಬೇಸ್, ಡಿಒಎಜೆ ಇಂಥ ಇಂಡೆಕ್ಸ್‌ಗಳಲ್ಲಿ, ಅಂದರೆ ಜರ್ನಲ್‌ಗಳ ಸೂಚಿಗಳಲ್ಲಿ, ಯಾವುದಾದರೂ ಒಂದರಲ್ಲಿ ಇರಬೇಕಿತ್ತು. ಹಾಗಂದಮೇಲೆ ನಮ್ಮ ಪಟ್ಟಿಯ ಅರ್ಧ ಸಾಧನೆ ಅಲುಗಾಡಲು ಶುರುವಾಯಿತು.

ಒಂದು ಎಕ್ಸೆಲ್ ಶೀಟ್ ತೆಗೆದೆ. ಪೇಪರಿನ ಹೆಸರು, ಜರ್ನಲ್, ಯಾವ ಇಂಡೆಕ್ಸ್‌ನಲ್ಲಿದೆ, ಆನ್‌ಲೈನ್‌ನಲ್ಲಿ ಪೇಪರಿನ ಗುರುತಾದ ಡಿಒಐ ಸಂಖ್ಯೆ, ಲೇಖಕರ ಸಾಲಿನಲ್ಲಿ ನಮ್ಮವರ ಹೆಸರು ಎಷ್ಟನೆಯದು. ಪ್ರತಿ ಹೆಸರನ್ನೂ ನಾನೇ ಹುಡುಕಿದೆ, ಯಾರನ್ನೂ ಕೇಳಲಿಲ್ಲ. ಕೇಳಿದರೆ ಎಲ್ಲರೂ ‘ಇಂಡೆಕ್ಸ್ಡ್ ಮೇಡಂ’ ಅಂತಲೇ ಹೇಳುತ್ತಾರೆ. ಪಾಪ, ಅವರಿಗೂ ಹಾಗಂತಲೇ ಯಾರೋ ಹೇಳಿರುತ್ತಾರೆ. ಡಿಒಐ ಕೊಟ್ಟರೆ ಪುಟ ತೆರೆಯಬೇಕು. ತೆರೆಯದಿದ್ದರೆ ಹಳದಿ ಬಣ್ಣ ಬಳಿದು ಮುಂದಿನದಕ್ಕೆ ಹೋಗುತ್ತಿದ್ದೆ.

ಹನ್ನೊಂದನೇ ಸಾಲಿನಲ್ಲಿ ನನ್ನದೇ ಹೆಸರು ಬಂತು.

ನಾನು ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದಾಗಿನ ಪೇಪರ್ ಅದು. ಆಗ ಒಂದು ಇಮೇಲ್ ಬಂದಿತ್ತು. ‘ಗೌರವಾನ್ವಿತ ಶ್ರೇಷ್ಠ ಸಂಶೋಧಕರೇ’ ಅಂತ ಶುರುವಾಗುವ ಇಮೇಲ್. ನನ್ನನ್ನು ನಮ್ಮ ಮನೆಯಲ್ಲೂ ಯಾರೂ ಶ್ರೇಷ್ಠ ಅಂತ ಕರೆದಿರಲಿಲ್ಲ. ಕಳಿಸಿದ ಮೂರೇ ದಿನಕ್ಕೆ ಒಪ್ಪಿಗೆ ಬಂತು, ವಿಮರ್ಶಕರ ಒಂದು ಪ್ರಶ್ನೆಯೂ ಇಲ್ಲದೆ. ಒಂದು ಕಾಮಾ ತಿದ್ದಲೂ ಹೇಳಲಿಲ್ಲ. ಸಂಬಳದ ಅಕೌಂಟಿನಿಂದ ದುಡ್ಡು ಕಟ್ಟಿದೆ, ಪಿಡಿಎಫ್ ಬಂತು, ಖುಷಿಪಟ್ಟೆ. ಈಗ ಆ ಜರ್ನಲ್ಲಿನ ಲಿಂಕ್ ಒತ್ತಿದರೆ ಆನ್‌ಲೈನ್ ರಮ್ಮಿ ಜಾಹೀರಾತು ತೆರೆಯುತ್ತದೆ. ನಾನು ಬರೆದ ಮಗುವಿನ ಕಾಯಿಲೆಯ ವಿವರ ಇದ್ದ ಜಾಗದಲ್ಲಿ ಇಸ್ಪೀಟು ರಾಣಿ.

ದುಡ್ಡು ಕೊಟ್ಟರೆ ಪರಿಶೀಲಿಸದೇ ಪ್ರಕಟಿಸುವ ಇಂಥ ಜರ್ನಲ್‌ಗಳ ಬಗ್ಗೆ ಆಗಲೇ ಎಚ್ಚರಿಸಿದವರಿದ್ದರು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಬೀಲ್ ಅನ್ನುವ ಲೈಬ್ರೇರಿಯನ್ ಅವುಗಳ ಪಟ್ಟಿಯನ್ನೇ ಇಟ್ಟಿದ್ದರು. 2017ರ ಜನವರಿಯಲ್ಲಿ ಆ ಪಟ್ಟಿ ನಿಂತುಹೋಯಿತು. ನಾನು ಅದರ ಹೆಸರು ಕೇಳಿದ್ದೇ ಆಮೇಲೆ. ನನ್ನ ಸಾಲಿಗೆ ಮೊದಲು ಕೆಂಪು ಬಳಿದೆ. ನಿಜ ಹೇಳಬೇಕೆಂದರೆ ಅದರಿಂದ ದೊಡ್ಡ ಉಪಕಾರವಾಯಿತು. ನನ್ನದನ್ನೇ ತೆಗೆದಿದ್ದೇನೆ ಅಂತ ತೋರಿಸಿದ ಮೇಲೆ ಬೇರೆಯವರ ಪೇಪರ್ ತೆಗೆಯುವಾಗ ಯಾರೂ ಜಗಳಕ್ಕೆ ಬರಲಿಲ್ಲ. ಒಬ್ಬ ಹಿರಿಯರು ಮಾತ್ರ ಎರಡು ದಿನ ಮಾತಾಡಿಸಲಿಲ್ಲ. ಮೂರನೇ ದಿನ ಕ್ಯಾಂಟೀನಿನಲ್ಲಿ ಅವರೇ ಕಾಫಿ ಕೊಡಿಸಿ, ‘ನಂಗೂ ಆ ಶ್ರೇಷ್ಠ ಸಂಶೋಧಕರೇ ಇಮೇಲ್ ಬಂದಿತ್ತು ಕಣಮ್ಮ’ ಅಂದರು.

ಪಟ್ಟಿ ಅರ್ಧಕ್ಕಿಂತ ಕಡಿಮೆಯಾಯಿತು. ಎಚ್‌ಒಡಿ ಸರ್ ನೋಡಿ, ‘ಇಷ್ಟೇನಾ? ಪಕ್ಕದ ವಿಭಾಗದವರು ಎರಡು ಪುಟ ಕೊಟ್ಟಿದ್ದಾರೆ’ ಅಂದರು. ಎಲ್ಲದಕ್ಕೂ ಲಿಂಕ್ ಇದೆ ಸರ್, ಒತ್ತಿದರೆ ತೆರೆಯುತ್ತದೆ ಅಂದೆ. ಅವರು ಎರಡು ಲಿಂಕ್ ಒತ್ತಿ ನೋಡಿದರು. ಮತ್ತೇನೂ ಹೇಳಲಿಲ್ಲ.

ಕೋರ್ಸುಗಳ ವಿಷಯ ಜಾಸ್ತಿ ಹೇಳುವಂಥದ್ದಿಲ್ಲ. ಬಯೋಮೆಡಿಕಲ್ ರಿಸರ್ಚ್‌ನ ಬೇಸಿಕ್ ಕೋರ್ಸ್ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರು ಆನ್‌ಲೈನ್‌ನಲ್ಲಿ ನಡೆಸುವುದು, ಎಲ್ಲರೂ ಮಾಡಲೇಬೇಕು. ಕಡ್ಡಾಯವಾಗಿ ಮಾಡಿದ್ದನ್ನು ಸಾಧನೆ ಅಂತ ಬರೆಯುವುದು ನನಗೆ ಸರಿ ಅನಿಸಲಿಲ್ಲ, ಬೇರೆ ಪುಟಕ್ಕೆ ಹಾಕಿದೆ.

ಪಿಜಿಗಳ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳ, ಥೀಸಿಸ್ ಬಗ್ಗೆ ಮಾತ್ರ ಹೊಟ್ಟೆ ಉರಿಯುತ್ತದೆ. ಲೈಬ್ರರಿಯಲ್ಲಿ ಒಂದು ಬೀರು ತುಂಬ ಇವೆ, ರೆಕ್ಸಿನ್ ಹೊದಿಕೆ, ಚಿನ್ನದ ಅಕ್ಷರ. ಅದರಲ್ಲಿ ಒಳ್ಳೆಯ ಕೆಲಸ ಎಷ್ಟಿದೆ ಗೊತ್ತಾ? ಪರೀಕ್ಷೆ ಮುಗಿಸಿ ಹುಡುಗರು ಹೋಗುತ್ತಾರೆ, ಪುಸ್ತಕ ಮಲಗುತ್ತದೆ. ಒಂದು ಥೀಸಿಸ್ ಅಂತೂ ಎರಡು ಚಿಕಿತ್ಸೆಗಳನ್ನು ಹೋಲಿಸಿದ ಟ್ರಯಲ್, ಅಚ್ಚುಕಟ್ಟಾಗಿ ಮಾಡಿದ್ದು. ಪ್ರಕಟಿಸೋಣ ಅಂತ ಹೊರಟರೆ ಜರ್ನಲ್ಲಿನವರು ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿದರು. ನಮ್ಮ ದೇಶದ ಈ ಟ್ರಯಲ್ ದಾಖಲೆ 2007ರಿಂದ ಇದೆ. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ನೋಂದಾಯಿಸಬೇಕು, ಆಮೇಲೆ ಹೋದರೆ ತೆಗೆದುಕೊಳ್ಳುವುದಿಲ್ಲ. ಗೈಡ್ ನಾನೇ. ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಪತ್ರ ಬಂದ ಸಂಭ್ರಮದಲ್ಲಿ ಇದನ್ನು ಮರೆತಿದ್ದೆ. ಆ ಥೀಸಿಸ್ ಬರೆದ ಹುಡುಗಿಯ ಎರಡು ವರ್ಷದ ಕೆಲಸ ಹಾಗೇ ಬೀರುವಿನಲ್ಲಿ ಉಳಿಯಿತು. ಈಗ ನನ್ನ ಮೇಜಿನ ಗಾಜಿನ ಕೆಳಗೆ ಚೀಟಿ ಇದೆ: ಎಥಿಕ್ಸ್ ಪತ್ರ ಬಂದ ವಾರವೇ ಸಿಟಿಆರ್‌ಐ, ಆಮೇಲೆ ರೋಗಿ.

ಇಷ್ಟೆಲ್ಲಾ ಆದಮೇಲೂ ಪಟ್ಟಿ ನೋಡಿದರೆ ಏನೋ ಬಿಟ್ಟುಹೋಗಿದೆ ಅನಿಸುತ್ತಿತ್ತು. ಆ ವರ್ಷ ನಮ್ಮ ವಿಭಾಗದಲ್ಲಿ ನಿಜವಾಗಿ ಬದಲಾದದ್ದು ಒಂದೇ: ಕಾಂಗರೂ ಆರೈಕೆ. ಅದು ಪಟ್ಟಿಯಲ್ಲೇ ಇರಲಿಲ್ಲ, ಯಾಕೆಂದರೆ ಅದಕ್ಕೆ ಸರ್ಟಿಫಿಕೇಟ್ ಇಲ್ಲ.

ಕಡಿಮೆ ತೂಕದ ಮಗುವನ್ನು ತಾಯಿಯ ಬರಿ ಎದೆಗೆ ಅಂಟಿಸಿ ಗಂಟೆಗಟ್ಟಲೆ ಇಡುವುದು, ಜೊತೆಗೆ ಎದೆಹಾಲು. ಕೊಲಂಬಿಯಾದ ಬೊಗೊಟಾ ನಗರದಲ್ಲಿ 1970ರ ದಶಕದ ಕೊನೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದ ಪದ್ಧತಿ. ನಾನು ಪಿಜಿ ಇದ್ದಾಗ ಕಲಿತದ್ದು, ಮಗು ಚೇತರಿಸಿಕೊಂಡ ಮೇಲೆ ಮಾಡಿಸಬೇಕು ಅಂತ. 2021ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಗಳಲ್ಲಿ ನಡೆದದ್ದು. 1 ಕೆಜಿಯಿಂದ 1.8 ಕೆಜಿವರೆಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಶುರು ಮಾಡಿದರೆ 28 ದಿನದೊಳಗಿನ ಸಾವು 15.7%ರಿಂದ 12%ಕ್ಕೆ ಇಳಿಯಿತು. ನಮ್ಮ ರಾಜ್ಯದಲ್ಲೂ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಇಡೀ ಜಿಲ್ಲೆಗೆ ಹಬ್ಬಿಸಿ ಅಧ್ಯಯನ ಮಾಡಿದ್ದಾರೆ. ಅವರು ಮಾಡಿದ್ದಾರೆ ಅಂದಮೇಲೆ ನಾವು ಜಾಗ ಇಲ್ಲ, ಸಿಬ್ಬಂದಿ ಇಲ್ಲ ಅನ್ನುವ ಹಾಗಿರಲಿಲ್ಲ.

ನಾನು ಮೊದಲು ಮಾಡಿದ್ದು ಪವರ್‌ಪಾಯಿಂಟ್. ಮೂವತ್ತು ಸ್ಲೈಡು, ಗ್ರಾಫು, ಎಲ್ಲ. ಒಂದು ತಿಂಗಳಾದರೂ ರಿಜಿಸ್ಟರ್‌ನಲ್ಲಿ ಹೆಚ್ಚಿನ ತಾಯಂದಿರು ದಿನಕ್ಕೆ ಒಂದೆರಡು ಗಂಟೆ ದಾಟಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕನಿಷ್ಠ ಎಂಟು ಗಂಟೆ. ಯಾಕೆ ಅಂತ ನಮ್ಮ ವಾರ್ಡಿನ ಹಿರಿಯ ಸಿಸ್ಟರ್‌ನ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ‘ನೀವೇ ಕೂತ್ಕೊಳ್ಳಿ ಮೇಡಂ’ ಅಂತ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ತೋರಿಸಿದರು. ಕೂತೆ. ಅರ್ಧ ಗಂಟೆಗೆ ಸೊಂಟ ಹಿಡಿಯಿತು. ನನಗೆ ಸಿಸೇರಿಯನ್ ಹೊಲಿಗೆಯೂ ಇರಲಿಲ್ಲ.

ಕೆಟ್ಟ ಸಾಮಾನು ಪೇರಿಸಿಡುವ ಸ್ಟೋರ್ ರೂಮಿನಲ್ಲಿ ರಕ್ತನಿಧಿಯ ನಾಲ್ಕು ಹಳೇ ಒರಗು ಕುರ್ಚಿ ಬಿದ್ದಿದ್ದವು. ಸ್ಪಂಜು ಹರಿದಿತ್ತು, ಕಾಲು ತುಕ್ಕು ಹಿಡಿದಿತ್ತು. ಹೊರಗೆ ತೆಗೆಸಲು ಪತ್ರ, ಆ ಪತ್ರಕ್ಕೆ ಇನ್ನೊಂದು ಪತ್ರ. ಕೊನೆಗೆ ಊರಿನ ಆಟೊ ಸೀಟು ಹೊಲಿಯುವವರೊಬ್ಬರು ಮೂರನ್ನು ಸರಿಮಾಡಿಕೊಟ್ಟರು, ತೊಳೆಯಲು ಬರುವ ರೆಕ್ಸಿನ್ ಹಾಕಿ. ನಾವೆಲ್ಲ ಸೇರಿ ದುಡ್ಡು ಹಾಕಿದೆವು. ನಾಲ್ಕನೆಯದು ಸರಿಯಾಗಲಿಲ್ಲ.

ಆಮೇಲಿನ ತೊಡಕು ಅಜ್ಜಿಯಂದಿರು. ಒಬ್ಬರು ಬಾಗಿಲಲ್ಲೇ ನಿಂತು, ‘ಏನ್ ಡಾಕ್ಟ್ರಮ್ಮ, ಹಸಿ ಬಾಣಂತಿನ ಹಿಂಗೆ ಎದೆ ಬಿಚ್ಚಿ ಕೂರಿಸಿದ್ರೆ ಶೀತ ಆಗಲ್ವಾ?’ ಅಂತ ಗದರಿದರು. ನಾನು ಉಷ್ಣಾಂಶ ಅದು ಇದು ಅಂತ ಹೇಳಲು ಹೊರಟೆ. ಸಿಸ್ಟರ್ ನನ್ನನ್ನು ತಡೆದು, ‘ಅಜ್ಜಿ, ಮನೇಲಿ ಹಳೇ ಕಾಟನ್ ಸೀರೆ ಇದ್ರೆ ತಗೊಂಡ್ಬನ್ನಿ’ ಅಂದರು. ಮಾರನೇ ದಿನ ಅಜ್ಜಿ ಒಗೆದು ಮಡಚಿದ ಸೀರೆ ತಂದರು. ಸಿಸ್ಟರ್ ಅದನ್ನೇ ಮಡಿಕೆ ಮಾಡಿ ಮಗುವನ್ನು ತಾಯಿಯ ಎದೆಗೆ ಕಟ್ಟಿದರು, ತಲೆ ಒಂದು ಪಕ್ಕಕ್ಕೆ, ಮೂಗು ಮುಚ್ಚದ ಹಾಗೆ. ಅಜ್ಜಿಯ ಕೈಯನ್ನು ಮಗುವಿನ ಪಾದಕ್ಕೆ ಮುಟ್ಟಿಸಿದರು. ಬೆಳಗ್ಗೆ ತಣ್ಣಗಿದ್ದ ಪಾದ ಮುಕ್ಕಾಲು ಗಂಟೆಗೆ ಬೆಚ್ಚಗಾಗಿತ್ತು. ಆ ಅಜ್ಜಿ ಆಮೇಲೆ ಬಂದ ಬೇರೆ ಅಜ್ಜಿಯಂದಿರಿಗೆ ಪಾಠ ಹೇಳುತ್ತಿದ್ದರು. ತಾಯಿ ಊಟಕ್ಕೆ ಹೋದಾಗ ತಾವೇ ಮಗುವನ್ನು ಎದೆಗೆ ಕಟ್ಟಿಕೊಂಡು ಕೂರುತ್ತಿದ್ದರು. ನನ್ನ ಮೂವತ್ತು ಸ್ಲೈಡಿಗಿಂತ ಆ ಸೀರೆ ಹೆಚ್ಚು ಕೆಲಸ ಮಾಡಿತು.

ಇದನ್ನೇ ಪಟ್ಟಿಯ ಮೊದಲ ಸಾಲು ಮಾಡಿದೆ. ಗಂಟೆಗಳ ರಿಜಿಸ್ಟರ್ ಪ್ರತಿ ಜೊತೆಗಿಟ್ಟೆ. ಸಾಧನೆ ಯಾರದು ಅನ್ನುವ ಕಾಲಂನಲ್ಲಿ ಸಿಸ್ಟರ್ ಹೆಸರು ಬರೆದೆ.

ಇನ್ನು ಯೋಜನೆ. ಎಲ್ಲರ ಬಾಯಲ್ಲೂ ಹಾಲಿನ ಬ್ಯಾಂಕ್. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ಆಗಿದೆ, ನಮ್ಮಲ್ಲಿ ಯಾಕಾಗಬಾರದು ಅಂತ. ನನಗೂ ಆಸೆ ಇದೆ. ಆದರೆ ಕೂತು ಲೆಕ್ಕ ಹಾಕಿದೆವು. ದಾನಿ ತಾಯಂದಿರಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಆಗಬೇಕು. ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸಬೇಕು, ಬ್ಯಾಕ್ಟೀರಿಯಾ ಇದೆಯೇ ನೋಡಲು ಕಲ್ಚರ್ ಪರೀಕ್ಷೆಗೆ ಕಳಿಸಬೇಕು, ಮೈನಸ್ 20 ಡಿಗ್ರಿಯಲ್ಲಿ ಇಡಬೇಕು. ರಾತ್ರಿ ಪಾಳಿಯಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಜನ ಬೇಕು. ಸದ್ಯಕ್ಕೆ ನಮ್ಮ ಕೈಲಿ ಆಗುವುದಿಲ್ಲ. 2017ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಇದಕ್ಕಿಂತ ಸಣ್ಣ ಮೆಟ್ಟಿಲೂ ಇದೆ: ತಾಯಿ ತನ್ನ ಮಗುವಿಗೇ ಹಾಲು ಹಿಂಡಿ ಇಡುವ ಘಟಕ. ಒಂದು ಕೋಣೆ, ಪರದೆ, ಎರಡು ಪಂಪು, ಒಂದು ಫ್ರಿಡ್ಜು, ಹೆಸರು ಮತ್ತು ಹೊತ್ತು ಬರೆಯಲು ಲೇಬಲ್. ನಾವು ಬರೆದದ್ದು ಅಷ್ಟೇ. ಪಕ್ಕದಲ್ಲಿ ಯಾರ ಜವಾಬ್ದಾರಿ, ಯಾವ ತಿಂಗಳಿಗೆ, ಎಷ್ಟು ಖರ್ಚು. ಎರಡನೇ ಯೋಜನೆ ಬೀರುವಿನ ಥೀಸಿಸ್‌ಗಳಲ್ಲಿ ಐದನ್ನು ಪೇಪರ್ ಮಾಡುವುದು, ಒಂದೊಂದಕ್ಕೂ ಒಬ್ಬೊಬ್ಬ ಬೋಧಕರ ಹೆಸರು. ಮೂರನೆಯದು ಬರೆಯಲೇ ಇಲ್ಲ.

ಕಳಿಸಿದ ಮಾರನೇ ದಿನ ಪ್ರಿನ್ಸಿಪಾಲರ ಕಚೇರಿಯ ಗುಮಾಸ್ತರು ಫೋನ್ ಮಾಡಿದರು. ‘ಮೇಡಂ, ಫಾರ್ಮ್ ಬೋಧಕರದ್ದು. ಮೊದಲನೇ ಸಾಲಿನಲ್ಲಿ ನರ್ಸಿಂಗ್ ಆಫೀಸರ್ ಹೆಸರಿದೆ. ಕಾಲಂ ಇಲ್ಲ, ಏನ್ಮಾಡ್ಲಿ?’ ಷರಾ ಕಾಲಂಗೆ ಹಾಕಿ ಅಂದೆ. ಹಾಕಿದರು. ಅಚ್ಚಾದ ವರದಿಯಲ್ಲಿ ಆ ಹೆಸರು ಅಲ್ಲೇ ಇದೆ, ಚಿಕ್ಕ ಅಕ್ಷರದಲ್ಲಿ. ಸಿಸ್ಟರ್ ಅದರ ಫೋಟೊ ತೆಗೆದು ಮಗಳಿಗೆ ಕಳಿಸಿದರು.

ಫ್ರಿಡ್ಜು ಬಂದಿದೆ. ಸ್ಟೆಬಿಲೈಸರ್‌ಗೆ ಇನ್ನೊಂದು ಪತ್ರ ಬರೆದಿದ್ದೇನೆ.