ಬ್ರಿಟನ್‌ಗೆ ಹೊಸದಾಗಿ ಬಂದವರಿಗೆ: ಮನೆಯ ರೇಡಿಯೇಟರ್ ಬಗ್ಗೆ ನಾಲ್ಕು ಮಾತು

ಮೊದಲ ಚಳಿಗಾಲದಲ್ಲಿ ನಡುಕ ತಡೆಯಲಾಗದೆ ತುಂಬಾ ಜನ ರೇಡಿಯೇಟರ್ (ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗೆ ಮಾಡುವ ಗೋಡೆಯ ಲೋಹದ ಫಲಕ) ಪಕ್ಕದ ನಾಬ್ ಅನ್ನು ಸೀದಾ 5ಕ್ಕೆ ತಿರುಗಿಸಿಬಿಡುತ್ತಾರೆ. ಅದರಿಂದ ಕೋಣೆ ಬೇಗ ಬೆಚ್ಚಗಾಗುವುದಿಲ್ಲ. ಕೋಣೆ ಎಷ್ಟು ಬಿಸಿಯಾದ ಮೇಲೆ ನೀರು ನಿಲ್ಲಬೇಕು ಅನ್ನುವುದಷ್ಟೇ ಆ ಅಂಕಿಯ ಲೆಕ್ಕ. ನಾಬ್ ಒಳಗಿನ ಮೇಣವೋ ದ್ರವವೋ ಬಿಸಿಗೆ ಹಿಗ್ಗಿ ವಾಲ್ವ್ ಮುಚ್ಚುತ್ತದೆ. ಸಾಮಾನ್ಯವಾಗಿ 3 ಅಂದರೆ ಸುಮಾರು 20 ಡಿಗ್ರಿ, ಅಷ್ಟು ಸಾಕು.

ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಕಾಯಿಸಿದ ನೀರನ್ನು ಪಂಪ್ ಎಲ್ಲ ಕೋಣೆಗೂ ಕಳಿಸುತ್ತದೆ, ಬಿಸಿ ಬಿಟ್ಟುಕೊಟ್ಟ ನೀರು ವಾಪಸ್ ಬಾಯ್ಲರ್‌ಗೇ ಬರುತ್ತದೆ. ಅಷ್ಟೇ ಜಾಗದ ಗಾಳಿಗಿಂತ ನೀರು 3,000 ಪಟ್ಟಿಗೂ ಜಾಸ್ತಿ ಶಾಖ ಹೊರುತ್ತದೆ, ಅದಕ್ಕೇ ಬೆರಳು ದಪ್ಪದ ಪೈಪೇ ಇಡೀ ಮನೆಗೆ ಸಾಕಾಗುತ್ತದೆ.

ರೇಡಿಯೇಟರ್ ಮುಟ್ಟಿದ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಕೆಳಗಿಂದ ತಣ್ಣನೆ ಗಾಳಿ ಬಂದು ಆ ಜಾಗ ತುಂಬುತ್ತದೆ. ಕೋಣೆ ಬೆಚ್ಚಗಾಗುವುದು ಮುಖ್ಯವಾಗಿ ಹೀಗೆಯೇ. ಸೋಫಾ ಒತ್ತಿಟ್ಟರೆ ಈ ಗಾಳಿ ಓಡಾಡುವುದಿಲ್ಲ. ಒದ್ದೆ ಬಟ್ಟೆ ಹರವುವುದಂತೂ ದಯವಿಟ್ಟು ಬೇಡ. ಬಟ್ಟೆಯ ನೀರಾವಿ ತಣ್ಣನೆ ಗೋಡೆಯ ಮೇಲೆ ಕೂತು ಬೂಷ್ಟು ಹಿಡಿಯುತ್ತದೆ, ಆಮೇಲೆ ಮಕ್ಕಳಿಗೆ ಕೆಮ್ಮು.

ಇನ್ನು ಬಿಲ್ ವಿಷಯ. ಈಗಿನ ಗ್ಯಾಸ್ ಬಾಯ್ಲರ್‌ಗಳಲ್ಲಿ ವಾಪಸ್ ಬರುವ ನೀರು 55 ಡಿಗ್ರಿಗಿಂತ ಕಡಿಮೆ ಇದ್ದರೆ ಹೊಗೆಯಲ್ಲಿನ ಆವಿ ನೀರಾಗುತ್ತದೆ, ಆಗ ಚಿಮಣಿಯಲ್ಲಿ ಹೋಗಬೇಕಿದ್ದ ಶಾಖ ನಿಮಗೇ ಸಿಗುತ್ತದೆ. ಹಾಗಾಗಿ ಕಾಂಬಿ ಬಾಯ್ಲರ್ (ಟ್ಯಾಂಕ್ ಇಲ್ಲದೆ ನಲ್ಲಿಯ ನೀರನ್ನೂ ಬೇಕೆಂದಾಗಲೇ ಕಾಯಿಸಿಕೊಡುವಂಥದ್ದು) ಇದ್ದರೆ ರೇಡಿಯೇಟರ್‌ಗೆ ಹೋಗುವ ನೀರನ್ನು 60ರ ಹತ್ತಿರಕ್ಕೆ ಇಳಿಸಿ. ರೇಡಿಯೇಟರ್‌ಗೂ ಕೋಣೆಗೂ ಬಿಸಿಯ ಅಂತರ ಕಡಿಮೆಯಾದಷ್ಟೂ ಶಾಖ ನಿಧಾನವಾಗಿ ಬರುತ್ತದೆ ಅಲ್ವಾ, ಅದಕ್ಕೆ ಅರ್ಧ ಗಂಟೆ ಮುಂಚೆ ಆನ್ ಮಾಡಿ. ಬಿಸಿನೀರು ತುಂಬಿಡುವ ಟ್ಯಾಂಕ್ ಇರುವ ಮನೆಯಲ್ಲಿ ಮಾತ್ರ ಹೀಗೆ ಇಳಿಸಬೇಡಿ, ಆ ನೀರು 60 ಡಿಗ್ರಿ ಮುಟ್ಟದಿದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು.

ರೇಡಿಯೇಟರ್ ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಹೀಟಿಂಗ್ ಆಫ್ ಮಾಡಿ ಪೂರ್ತಿ ತಣ್ಣಗಾಗಲು ಬಿಡಿ. ಅಂಗಡಿಯಲ್ಲಿ ರೇಡಿಯೇಟರ್ ಕೀ ಸಿಗುತ್ತದೆ. ಮೇಲ್ತುದಿಯ ಚಿಕ್ಕ ಚೌಕದ ಮೊಳೆಗೆ ಅದನ್ನು ಹಾಕಿ, ಕೆಳಗೆ ಬಟ್ಟೆ ಹಿಡಿದು, ಎಡಕ್ಕೆ ಕಾಲು ಸುತ್ತು ತಿರುಗಿಸಿ. ಬುಸ್ ಅಂತ ಗಾಳಿ ಹೋಗಿ ನೀರು ಜಿನುಗಿದ ಕೂಡಲೇ ಮುಚ್ಚಿ. ನೀರು ಕಪ್ಪಗಿದ್ದರೆ ಗಾಬರಿ ಬೇಡ, ಅದು ರೇಡಿಯೇಟರ್ ಒಳಗಿನ ತುಕ್ಕು. ಆಮೇಲೆ ಬಾಯ್ಲರ್‌ನಲ್ಲಿ ನೀರಿನ ಒತ್ತಡ ತೋರಿಸುವ ಮುಳ್ಳು ನೋಡಿ, ತಣ್ಣಗಿರುವಾಗ 1ರಿಂದ 1.5 ಬಾರ್ ಇರಬೇಕು. ಕಡಿಮೆ ಇದ್ದರೆ ಕೈಪಿಡಿ ನೋಡಿ ನೀರು ತುಂಬಿಸಿ.

ಮೇಲೆ ಬಿಸಿ, ಕೆಳಗೆ ತಣ್ಣಗಿದ್ದರೆ ತುಕ್ಕಿನ ಕೆಸರು ಕೂತಿರುತ್ತದೆ. ಅದಕ್ಕೆ ಕೈ ಹಾಕಬೇಡಿ, ಮನೆ ಮಾಲೀಕರಿಗೆ ಬರೆದು ತಿಳಿಸಿ. ಬಾಡಿಗೆ ಮನೆಯ ಗ್ಯಾಸ್ ಸಾಮಾನುಗಳನ್ನು ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ (ಗ್ಯಾಸ್ ಕೆಲಸಕ್ಕೆ ಅರ್ಹರಾದವರ ಅಧಿಕೃತ ಪಟ್ಟಿ) ನೋಂದಣಿ ಇರುವವರಿಂದ ಪರೀಕ್ಷೆ ಮಾಡಿಸುವುದು ಮಾಲೀಕರ ಕಾನೂನು ಹೊಣೆ, ಆ ಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟದೆ ಕಿಟಕಿ ತೆಗೆದು, ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ.