ಮೊರದಲ್ಲಿ ಬಿದ್ದಿದ್ದನ್ನ ಓದೋದು ಹೇಗೆ ಕಲಿತೆ: ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ನಾನು ಜ್ಯೋತಿಷಿ ಅಲ್ಲ, ಮೈಮೇಲೆ ದೇವ್ರು ಬರಲ್ಲ, ನಾಳೆ ಏನಾಗುತ್ತೆ ಅಂತ ನಿಮ್ಗೆಷ್ಟು ಗೊತ್ತೋ ನಂಗೂ ಅಷ್ಟೇ. ನನ್ನ ಹತ್ರ ಇರೋದು ಒಂದು ಹಳೇ ಮೊರ, ಒಂದು ಬಟ್ಟೆ ಚೀಲ, ಚೀಲದಲ್ಲಿ ರಸ್ತೆ ಬದಿ, ಮೇಜಿನ ಖಾನೆ, ಹಿತ್ಲು, ಸೈಕಲ್ ಶಾಪ್ ಮುಂದೆ ಹೀಗೆ ಅಲ್ಲಲ್ಲಿ ಸಿಕ್ಕಿದ ಚಿಲ್ರೆ ಸಾಮಾನು. ಪ್ರಶ್ನೆ ಕೇಳೋದು, ಚೀಲನ ಮೊರಕ್ಕೆ ಸುರಿಯೋದು, ಒಂದೆರಡು ಸಲ ಕೇರೋದು, ಆಮೇಲೆ ಹೇಗೆ ಬಿದ್ದಿದೆಯೋ ಹಾಗೆ ಓದೋದು. ನಂಗೋಸ್ಕರ ಓದ್ಕೋತೀನಿ, ಕೇಳಿದ್ರೆ ಮನೆಯವ್ರಿಗೆ ಫ್ರೆಂಡ್ಸ್‌ಗೆ ಓದ್ತೀನಿ, ದುಡ್ಡು ಇಸ್ಕೊಳ್ಳಲ್ಲ.

ಚೀಲದಲ್ಲಿ ಏನೇನಿದೆ ಅಂದ್ರೆ, ಸೂಟ್‌ಕೇಸಿನ ಪುಟ್ಟ ಕೀ (ಸೂಟ್‌ಕೇಸ್ ಯಾವತ್ತೋ ಗುಜರಿಗೆ ಹೋಯ್ತು), ಶರ್ಟಿನ ಗುಂಡಿ, ಪಿನ್ನು, ಸೈಕಲ್ ಚೈನಿನ ತುಂಡು, ಬಗ್ಗಿದ ಮೊಳೆ, ಗೆಜ್ಜೆಯಿಂದ ಉದುರಿದ ಒಂದು ಗುಂಡು, ಹಸಿರು ಬಳೆ ಚೂರು, ಅಂಟುವಾಳದ ಬೀಜ, ಗುಲಗಂಜಿ, ಒಂದು ಕವಡೆ, ಘೇಂಡಾಮೃಗದ ಚಿತ್ರ ಇರೋ ಸ್ಟೀಲಿನ 25 ಪೈಸೆ, ಇನ್ನೂ ಕೆಲವು. ಹಳೇ ಸ್ಪೀಕರ್‌ನಿಂದ ಬಿಡಿಸಿದ ಮ್ಯಾಗ್ನೆಟ್ ಒಂದಿದೆ, ಅದನ್ನ ಮಾತ್ರ ಬೇರೆ ಡಬ್ಬೀಲಿ ಇಡ್ತೀನಿ, ಯಾಕೆ ಅಂತ ಆಮೇಲೆ ಹೇಳ್ತೀನಿ. ಎಲ್ಲಾ ಸೇರಿ ಇಪ್ಪತ್ತರ ಒಳಗೇ. ಅದಕ್ಕಿಂತ ಜಾಸ್ತಿ ಆದ್ರೆ ಮೊರದಲ್ಲಿ ಎಲ್ಲದಕ್ಕೂ ಎಲ್ಲಾ ತಗುಲಿರುತ್ತೆ, ಏನು ಬೇಕಾದ್ರೂ ಹೇಳ್ಬೋದು, ಅಂದ್ರೆ ಏನೂ ಹೇಳಿದಂಗಾಗಲ್ಲ.

ಇಂಥ ಕಿಟ್ ಈಗ ಆನ್‌ಲೈನ್‌ನಲ್ಲಿ ರೆಡಿಮೇಡ್ ಸಿಗುತ್ತೆ, ಜೊತೆಗೊಂದು ಚೀಟಿ, ಕೀ ಅಂದ್ರೆ ಅವಕಾಶ, ಹೃದಯ ಅಂದ್ರೆ ಪ್ರೀತಿ, ಹಡಗು ಅಂದ್ರೆ ಪ್ರಯಾಣ ಅಂತ. ನಂಗಂತೂ ಅದು ಮಗ್ಗಿ ಬಾಯಿಪಾಠ ಮಾಡೋ ಥರ ಅನ್ಸುತ್ತೆ. ಪಟ್ಟಿ ಹಿಡ್ಕೊಂಡು ಕೂತ್ರೆ ಒಂದೊಂದೇ ಸಾಮಾನಿಗೆ ಒಂದೊಂದು ಪದ ಹೇಳ್ಬೋದು ಅಷ್ಟೇ, ಪದಗಳು ಒಂದಕ್ಕೊಂದು ಕೂಡಲ್ಲ, ವಾಕ್ಯ ಆಗಲ್ಲ. ಅದಕ್ಕೆ ನಾನು ಪ್ರತಿ ಸಾಮಾನೂ ಏನು *ಮಾಡುತ್ತೆ* ಅಂತ ನೋಡೋಕೆ ಶುರು ಮಾಡ್ದೆ. ಪಿನ್ನು ಚುಚ್ಚಿ ಸೇರಿಸುತ್ತೆ, ಆದ್ರೆ ತಾತ್ಕಾಲಿಕಕ್ಕೆ, ಹೊಲಿಗೆ ಹಾಕೋವರ್ಗೆ. ಗುಂಡಿಯಿಂದ ಮುಚ್ಕೋಬೋದು, ಆದ್ರೆ ಎದುರಿಗೆ ಕಾಜ ಇಲ್ಲದಿದ್ರೆ ಅದು ಕೆಲಸಕ್ಕೆ ಬರಲ್ಲ. ಕೀ ತೆಗೆಯುತ್ತೆ, ಹಾಕುತ್ತೆ ಕೂಡ, ಎಲ್ಲರೂ ಅದನ್ನ ಮರೀತಾರೆ. ಚೈನು ಒಂದೇ ಜಾಗದಲ್ಲಿ ಸುತ್ತುತ್ತೆ ಆದ್ರೂ ಗಾಡಿ ಮುಂದೆ ಹೋಗುತ್ತೆ. 25 ಪೈಸೆ ಚಲಾವಣೆ 2011ರ ಜೂನ್ 30ಕ್ಕೆ ನಿಂತ್ಹೋಯ್ತು, ಕೈಯಲ್ಲಿ ಹಿಡಿದ್ರೆ ದುಡ್ಡೇ, ಅಂಗಡಿಗೆ ತಗೊಂಡೋದ್ರೆ ನಡಿಯಲ್ಲ. ಗುಲಗಂಜಿನ ಅಕ್ಕಸಾಲಿಗರು ತೂಕಕ್ಕೆ ಇಟ್ಕೋತಿದ್ರು, ಅಂದ್ರೆ ಬೇರೆಯವರ ಬೆಲೆ ಅಳೆಯುತ್ತೆ, ತನ್ನ ಕಪ್ಪು ತನಗೆ ಕಾಣಲ್ಲ. ಹೀಗೆ ಎಲ್ಲದಕ್ಕೂ ಒಂದೊಂದು ಕ್ರಿಯೆ ಸಿಕ್ಕಿದ ಮೇಲೆ ಎರಡು ಸಾಮಾನು ಪಕ್ಕಪಕ್ಕ ಬಿದ್ರೆ ತಾನಾಗೇ ಮಾತು ಹುಟ್ಟುತ್ತೆ.

ಇದಕ್ಕೆ ಧೈರ್ಯ ಕೊಟ್ಟಿದ್ದು ಆಫ್ರಿಕಾದ ಎನ್‌ಡೆಂಬು ಜನರ ಪದ್ಧತಿ ಬಗ್ಗೆ ಓದಿದ್ದು. ಇವ್ರು ಜಾಂಬಿಯಾದ ವಾಯುವ್ಯ ಮೂಲೆಯವ್ರು, 1950ರ ದಶಕದ ಶುರೂಲಿ ವಿಕ್ಟರ್ ಟರ್ನರ್ ಅನ್ನೋ ಮಾನವಶಾಸ್ತ್ರಜ್ಞ ಅಲ್ಲಿದ್ದು ಬರ್ಕೊಂಡಿದಾರೆ. ಅಲ್ಲಿ ಕಣಿ ಹೇಳೋರು ಸಣ್ಣಸಣ್ಣ ಗೊಂಬೆ, ಗೊರಸಿನ ಚೂರು, ಮಣ್ಣಿನ ಉಂಡೆ, ಕಾಯಿ ಬೀಜ ಎಲ್ಲಾ ಒಂದು ಬುಟ್ಟೀಲಿ ಇಟ್ಕೊಂಡಿರ್ತಾರೆ, ಹೇಳೋವಾಗ ಅದನ್ನ ಒಂದು ಚಪ್ಪಟೆ ದುಂಡನೆ ಧಾನ್ಯ ಕೇರೋ ಬುಟ್ಟಿಗೆ ಹಾಕಿ ಮೇಲೆ ಚಿಮ್ಮಿಸ್ತಾರೆ, ಗುಡ್ಡೆಯ ಮೇಲ್ಗಡೆ ಬಂದು ಕೂತ ಮೂರ್ನಾಲ್ಕು ಸಾಮಾನು ಮಾತ್ರ ಓದ್ತಾರೆ. ಕೇರೋ ಬುಟ್ಟಿ! ನಾನು ಅದನ್ನ ಓದ್ದಾಗ ಎದ್ದು ಅಟ್ಟದಿಂದ ಮೊರ ಇಳಿಸಿದ್ದು. ನಮ್ಮಲ್ಲೂ ಕಣಿ ಹೇಳೋ ಕೊರವರ ಹೆಂಗಸರ ಮನೆತನಗಳಲ್ಲೇ ಬುಟ್ಟಿ ಮೊರ ಹೆಣೆಯೋ ಕಸುಬೂ ಇತ್ತಲ್ವಾ, ಯಾವ ಸಂಬಂಧವೂ ಇಲ್ಲದ ಎರಡು ಜಾಗ, ಎರಡು ಕಡೇನೂ ಜಳ್ಳು ಬೇರೆ ಮಾಡೋ ಸಾಮಾನಿನ ಸುತ್ತಮುತ್ತಾನೇ ಭವಿಷ್ಯ ಕೇಳೋದು. ಎನ್‌ಡೆಂಬುಗಳ ಬುಟ್ಟೀಲಿ ಚಾಮುಟಾಂಗ ಅಂತ ಒಂದು ಗೊಂಬೆ ಇರುತ್ತಂತೆ, ಮೊಣಕಾಲಿಗೆ ಮೊಣಕೈ ಊರಿ ಗಲ್ಲಕ್ಕೆ ಕೈ ಕೊಟ್ಟು ಮುದುರಿ ಕೂತ ಮನುಷ್ಯ, ಯಾವ ಕಡೆಗೂ ನಿಲ್ಲದ, ನಿರ್ಧಾರಕ್ಕೆ ಬರದ ಆಸಾಮಿ ಅಂತ ಅರ್ಥ. ನನ್ನ ಬಗ್ಗಿದ ಮೊಳೆ ಅವನ ತಮ್ಮ. ನೆಟ್ಟಗಿದ್ರೆ ಗೋಡೆಗೆ ಹೋಗ್ತಿತ್ತು, ಪೂರ್ತಿ ಮುರಿದಿದ್ರೆ ಕಸಕ್ಕೆ ಹೋಗ್ತಿತ್ತು, ಎರಡೂ ಆಗ್ಲಿಲ್ಲ.

ಆದ್ರೆ ನಮ್ಮ ಮೊರ ದುಂಡಗಿಲ್ಲ, ಅದು ನಂಗೆ ಅನುಕೂಲಾನೇ ಆಯ್ತು. ಮೂರು ಕಡೆ ಅಂಚು ಎದ್ದಿರುತ್ತೆ, ಮುಂದಿನ ಬಾಯಿ ತೆರೆದಿರುತ್ತೆ. ಹಿಂದೆ ನನ್ನ ಹೊಟ್ಟೆ ಕಡೆ ಇರೋದು ಮನೆ, ಕೈಯಲ್ಲಿ ಇರೋದು. ಬಾಯಿ ಕಡೆ ಇರೋದು ಹೊರಗೆ ಹೋಗ್ತಿರೋದು. ಬಲ ಎಡ ನಾನು ಜಾಸ್ತಿ ತಲೆ ಕೆಡಿಸ್ಕೊಳ್ಳಲ್ಲ, ದೇವಸ್ಥಾನದಲ್ಲಿ ಹೂ ಪ್ರಸಾದ ಕೇಳೋವಾಗ ಬಲಗಡೆ ಬಿದ್ರೆ ಆಗುತ್ತೆ ಅಂತ ನಮ್ಮ ತಲೇಲಿ ಕೂತುಬಿಟ್ಟಿರುತ್ತೆ, ಕೇಳೋಕೆ ಬಂದವ್ರ ಕಣ್ಣು ತಾನಾಗೇ ಬಲಗಡೆ ಹೋಗುತ್ತೆ, ಹೋಗ್ಲಿ ಬಿಡಿ. ಮೆಂತ್ಯ ಹಾಕಿ ಸಾರಿಸಿದ ಮೊರ ಆದ್ರೆ ಒಳ್ಳೇದು, ಸಂದೀಲಿ ಗುಲಗಂಜಿ ಸಿಕ್ಕಾಕ್ಕೊಳ್ಳಲ್ಲ. ಹಾಂ, ಅಡಿಗೆಮನೆ ಮೊರ ಮಾತ್ರ ಬೇಡ, ಗುಲಗಂಜಿ ವಿಷ, ಅದರೊಳಗಿನ ಅಬ್ರಿನ್ ಸಣ್ಣ ಪ್ರಮಾಣದಲ್ಲೇ ಪ್ರಾಣ ತೆಗೆಯೋವಂಥದ್ದು, ಸಿಪ್ಪೆ ಗಟ್ಟಿ ಇರೋವರ್ಗೂ ಪರ್ವಾಗಿಲ್ಲ ಅಂತಾರೆ ಆದ್ರೆ ಮಕ್ಕಳಿರೋ ಮನೇಲಿ ಅದರ ಬದ್ಲು ಕೆಂಪು ಮಣಿ ಹಾಕ್ಕೊಳ್ಳಿ.

ಇನ್ನು ಯಾರೂ ಹೇಳಿಕೊಡದ ವಿಷ್ಯ. ಸಾಮಾನುಗಳು ಎಲ್ಲಾ ಒಂದೇ ಥರ ಬೀಳಲ್ಲ. ಅಂಟುವಾಳದ ಬೀಜ ಗುಂಡಗೆ, ನುಣ್ಣಗೆ, ಅದು ಯಾವಾಗ್ಲೂ ಅಂಚಿಗೇ ಓಡುತ್ತೆ. ಚೈನು, ಗೆಜ್ಜೆ ಗುಂಡು ಭಾರ, ಕೇರಿದಾಗ ಕಾಳು ಹಿಂದೆ ಬಂದಂಗೆ ನನ್ನ ಕಡೇನೇ ಬರ್ತವೆ. ಗುಂಡಿ, ಬಳೆ ಚೂರು ಹಗುರ, ಬಾಯಿ ಕಡೆ ಹೋಗ್ತವೆ. ಇದು ದೈವವೂ ಅಲ್ಲ ವಿಧಿಯೂ ಅಲ್ಲ, ತೂಕ ಮತ್ತೆ ಆಕಾರ ಅಷ್ಟೇ. ಹಾಗಾಗಿ ಅಂಟುವಾಳ ಅಂಚಲ್ಲಿದ್ರೆ ನಾನು ಅದನ್ನ ಓದೋದೇ ಇಲ್ಲ, ಅದು ಸುದ್ದಿ ಅಲ್ಲ. ಅದು ನಡುಮಧ್ಯ ನಿಂತಿದ್ರೆ, ಯಾವುದೋ ಅದನ್ನ ತಡೆದು ನಿಲ್ಲಿಸಿದ್ರೆ, ಯಾವುದು ತಡೀತು ಅಂತ ನೋಡ್ಬೇಕು. ಚೈನು ಬಾಯಿ ಹತ್ರ ಹೋಗಿದ್ರೆ ಸುದ್ದಿ. ಇದು ಗೊತ್ತಾಗ್ಬೇಕು ಅಂದ್ರೆ ಪ್ರಶ್ನೇನೇ ಇಲ್ಲದೆ ಸುಮ್ನೆ ಕೇರಿ ಕೇರಿ ನೋಡ್ಬೇಕು, ನೋಟ್ ಪುಸ್ತಕದಲ್ಲಿ ಮೊರದ ಚಿತ್ರ ಬರೆದು ಗುರುತು ಹಾಕ್ಬೇಕು. ಬೋರಿಂಗ್ ಕೆಲಸ, ನಮ್ಮತ್ತೆ ಬಂದು "ಬರೀ ಮೊರ ಕೇರಬಾರ್ದು ಕಣಮ್ಮ" ಅಂತಿದ್ರು, ಬರೀ ಮೊರ ಅಲ್ಲ ಅತ್ತೆ ಅಂದ್ರೆ ಒಳಗೆ ಬಗ್ಗಿ ನೋಡಿ ಇನ್ನೂ ಗಾಬರಿ ಆಗ್ತಿದ್ರು.

ಹೌದು ಇಲ್ಲ ಅನ್ನೋ ಪ್ರಶ್ನೆಗೆ ಬೇರೆ ಇದೆ, ನಾಲ್ಕು ಹುಣಸೆ ಬೀಜ, ಒಂದು ಕಡೆ ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು, ಚೌಕಾಬಾರ ಆಡಿದವ್ರಿಗೆಲ್ಲಾ ಗೊತ್ತು. ನಾಲ್ಕೂ ಬಿಳಿ ಬಿದ್ರೆ ಹೌದು, ನಾಲ್ಕೂ ಕಂದು ಬಿದ್ರೆ ಇಲ್ಲ, ಎರಡೆರಡು ಬಿದ್ರೆ ಪ್ರಶ್ನೆ ಸರಿಯಾಗಿ ಕೇಳಿಲ್ಲ ಅಂತ. ನಾಲ್ಕೂ ಒಂದೇ ಬಣ್ಣ ಬೀಳೋದಕ್ಕಿಂತ ಎರಡೆರಡು ಜಾಸ್ತಿ ಬೀಳುತ್ತೆ, ಬೀಳ್ಲೇಬೇಕು, ಬೀಜ ಎರಡೂ ಕಡೆ ಸಮ ಬೀಳೋದಾದ್ರೆ 16ರಲ್ಲಿ 6 ಪಾಲು ಅದೇ, ನಾಲ್ಕೂ ಒಂದೇ ಬಣ್ಣ ಅನ್ನೋದು ಒಂದೊಂದು ಬಣ್ಣಕ್ಕೆ 16ರಲ್ಲಿ 1. ಜಿಂಬಾಬ್ವೆಯ ಶೋನಾ ಜನರ ಹಕಾಟಾನೂ ಇದೇ ಲೆಕ್ಕ, ನಾಲ್ಕು ಹಲಗೆ ತುಂಡು, ಒಂದೊಂದಕ್ಕೂ ಎರಡು ಮುಖ, ಒಟ್ಟು 16 ಬೀಳಿಕೆ, ಅವ್ರು ಪ್ರತಿ ತುಂಡನ್ನೂ ಹೆಸ್ರಿಟ್ಟು ಬೇರೆಬೇರೆ ಗುರುತಿಸೋದ್ರಿಂದ 16ಕ್ಕೂ ಬೇರೆಬೇರೆ ಮಾತು ಇರುತ್ತೆ. ಕರಾವಳಿ ಕಡೆ ಅಷ್ಟಮಂಗಲ ಪ್ರಶ್ನೇಲಿ 108 ಕವಡೆನ ಮೂರು ಗುಡ್ಡೆ ಮಾಡಿ ಎಂಟೆಂಟು ಕಳೆದು ಉಳಿದಿದ್ದನ್ನ ನೋಡ್ತಾರಲ್ಲ, ಅಲ್ಲೂ ಓದೋದು ಸಂಖ್ಯೆ. ನಂದು ಹಾಗಲ್ಲ, ನಂದು ಜಾಗ ಮತ್ತೆ ಪಕ್ಕದಲ್ಲಿ ಯಾರಿದಾರೆ ಅನ್ನೋದು, ಹುಣಸೆ ಬೀಜ ಬರೀ ಬಾಗಿಲು ತಟ್ಟೋಕೆ.

ಒಂದು ಓದು ಹೇಗೆ ಹೋಗುತ್ತೆ ಅಂತ ಹೇಳ್ತೀನಿ. ದೊಡ್ಡಮ್ಮನ ಮಗಳು ಬಂದಿದ್ಲು, ಫ್ರೆಂಡ್ ಜೊತೆ ಸೇರಿ ಹೋಳಿಗೆ, ಚಕ್ಲಿ, ಕೋಡುಬಳೆ ಮಾಡಿ ಮಾರೋ ಪ್ಲಾನ್, "ಶುರು ಮಾಡ್ಲಾ ಬೇಡ್ವಾ ನೋಡೇ" ಅಂದ್ಲು. ಕೇರಿದೆ. ಕೊನೇಲಿ ಮ್ಯಾಗ್ನೆಟ್ ಹಾಕ್ದೆ, ಮೊದ್ಲೇ ಚೀಲದಲ್ಲಿ ಇಟ್ಟಿದ್ರೆ ಕಬ್ಬಿಣದ್ದೆಲ್ಲಾ ಕಚ್ಕೊಂಡೇ ಬಂದಿರುತ್ತೆ, ಕೊನೆಗೆ ಹಾಕಿದ್ರೆ ಬಿದ್ದ ಜಾಗದಲ್ಲಿ ಯಾವುದು ಹತ್ರ ಇದೆಯೋ ಅದನ್ನ ಎಳ್ಕೊಳ್ಳುತ್ತೆ. ಎಳ್ಕೊಂಡಿದ್ದು ಪಿನ್ನು, ಬಗ್ಗಿದ ಮೊಳೆ ಎರಡನ್ನೂ. ಕೀ ಹಲ್ಲು ಹೊರಗಡೆ ಮಾಡಿ ಮಲಗಿತ್ತು, ಗುಂಡಿ ಬಾಯಿ ಹತ್ರ, ಅದು ಬಿಡಿ. 25 ಪೈಸೆ ಹಿಂದೆ ನನ್ನ ಕಡೆ, ಅದರ ಮೇಲೆ ಚೈನು ಅಡ್ಡ. ಭಾರದ್ದು ಹಿಂದೆ ಬರೋದು ಸಹಜ, ಆದ್ರೆ ಕಾಸಿನ *ಮೇಲೆ* ಹತ್ತಿ ಕೂರೋದು ಅಪರೂಪ, ಹಾಗಾಗಿ ಅಲ್ಲಿಂದ ಶುರು ಮಾಡ್ದೆ.

"ಅಕ್ಕಾ, ದುಡ್ಡು ಇದೆ, ಕೈಗೆ ಬರ್ತಿಲ್ಲ, ತಿಂಗಳು ತಿಂಗಳು ಸುತ್ತೋ ಯಾವುದೋ ಒಂದರ ಕೆಳಗೆ ಸಿಕ್ಕಿದೆ" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ಲು, ಆಮೇಲೆ "ಚೀಟಿ ಇನ್ನೂ ಎತ್ತಿಲ್ಲ ಕಣೇ, ಈಗ ಎತ್ತಿದ್ರೆ ತುಂಬ ಲಾಸು" ಅಂದ್ಲು. ಪಿನ್ನು ಮೊಳೆ ಒಟ್ಟಿಗೆ ಮ್ಯಾಗ್ನೆಟ್ಟಿಗೆ ಅಂಟಿದ್ದಕ್ಕೆ, ಈ ಪಾರ್ಟ್ನರ್‌ಶಿಪ್ ಸದ್ಯಕ್ಕೆ ಪಿನ್ ಹಾಕಿದಂಗಿದೆ, ಇಬ್ಬರಲ್ಲಿ ಒಬ್ಬರು ಇನ್ನೂ ಮನಸ್ಸು ಮಾಡಿಲ್ಲ, ಯಾರೋ ಮೂರನೆಯವ್ರ ಸೆಳೆತಕ್ಕೆ ಒಟ್ಟಿಗೆ ನಿಂತಿದೀರಾ ಅಂದೆ. ಅದಕ್ಕೆ ಅವ್ಳು ಒಪ್ಲಿಲ್ಲ, ಮೂರನೆಯವ್ರು ಯಾರೂ ಇಲ್ಲ ಅಂದ್ಲು, ಸರಿ, ಒಪ್ಪದ್ದನ್ನ ನಾನು ಎಳೆಯಲ್ಲ. ಎನ್‌ಡೆಂಬು ಕಣಿಯವ್ರು ಒಂದೇ ಸಲಕ್ಕೆ ನಂಬಲ್ಲ, ಪ್ರಶ್ನೇನ ತಿರುಗಿಸಿ ಮತ್ತೆ ಚಿಮ್ಮಿಸಿ ಅದೇ ಗೊಂಬೆ ಮತ್ತೆ ಮೇಲೆ ಬರುತ್ತಾ ನೋಡ್ತಾರೆ, ನಾನೂ ಹಾಗೇ "ಶುರು ಮಾಡ್ದೇ ಇದ್ರೆ?" ಅಂತ ಕೇಳ್ಸಿ ಇನ್ನೊಂದು ಸಲ ಕೇರಿದೆ. ಪಿನ್ನು ಒಂದು ಕಡೆ ಮೊಳೆ ಒಂದು ಕಡೆ ಹೋಯ್ತು. ಕಾಸಿಗೆ ಮಾತ್ರ ಚೈನು ಮತ್ತೆ ತಗುಲಿತ್ತು. ಹಾಗಾಗಿ ಪಾರ್ಟ್ನರ್ ವಿಷ್ಯ ಕೈಬಿಟ್ಟೆ, ಶುರು ಮಾಡ್ಲಿ ಬಿಡ್ಲಿ ಚೀಟಿ ಲೆಕ್ಕ ಮೊದ್ಲು ಅಂತ ಅಷ್ಟೇ ಹೇಳ್ದೆ. ಅವ್ಳಿಗೆ ಬೇಕಾಗಿದ್ದು ಹೋಳಿಗೆಗೆ ಒಂದು ಹೂಂ, ಸಿಕ್ಕಿದ್ದು ಚೀಟಿ ಲೆಕ್ಕ, ಮುಖ ಸಣ್ಣ ಮಾಡ್ಕೊಂಡೇ ಕಾಫಿ ಕುಡಿದ್ಲು.

ಬಳೆ ಚೂರಿನ ಬಗ್ಗೆ ಹೇಳ್ಲೇಬೇಕು. ನಂಗೆ ಅದು ಆಟ, ಚಿಕ್ಕವ್ರಿದ್ದಾಗ ಮೇಣದ ಬತ್ತಿ ಉರಿಗೆ ಹಿಡಿದು ಬಗ್ಗಿಸಿ ಒಂದಕ್ಕೊಂದು ಸೇರಿಸಿ ಸರ ಮಾಡ್ತಿದ್ವಲ್ಲ, ಅಂದ್ರೆ ಒಡೆದಿದ್ದು ಇನ್ನೊಂದು ಆಗೋದು. ಆದ್ರೆ ಗಂಡನ್ನ ಕಳ್ಕೊಂಡ ಹೆಂಗಸು ಎದುರಿಗೆ ಕೂತಾಗ ಮೊರದಲ್ಲಿ ಹಸಿರು ಬಳೆ ಚೂರು ಬಿದ್ರೆ ಅವ್ರಿಗೆ ಕಾಣೋದೇ ಬೇರೆ, ನಾನು ಆಟ ಅಂತ ಎಷ್ಟು ವಿವರಿಸಿದ್ರೂ ಪ್ರಯೋಜನ ಇಲ್ಲ. ಅದಕ್ಕೇ ಬೇರೆಯವ್ರಿಗೆ ಓದೋ ಮುಂಚೆ ಸಾಮಾನೆಲ್ಲಾ ಬಟ್ಟೆ ಮೇಲೆ ಹರಡಿ, ಯಾವುದು ಬೇಡ ಹೇಳಿ ಅಂತೀನಿ, ಅವ್ರೇ ಎತ್ತಿಡ್ತಾರೆ. ಉಳಿದಿದ್ದರಲ್ಲಿ ಒಂದನ್ನ ಇದು ನಾನು ಅಂತ ಆರಿಸ್ಕೋತಾರೆ. ಜಾಸ್ತಿ ಜನ ಕವಡೆ ಆರಿಸ್ತಾರೆ, ಒಬ್ಬ ಹುಡ್ಗ ಚೈನಿನ ತುಂಡು ತಗೊಂಡ, ಅಲ್ಲಿಗೆ ಅರ್ಧ ಓದು ಮುಗಿದಂಗೆ.

ಕಳ್ಳತನದ ಪ್ರಶ್ನೆ ಮಾತ್ರ ತಗೊಳ್ಳಲ್ಲ. ಕವಡೆ ಹಾಕೋವ್ರ ಹತ್ರ ಜನ ಜಾಸ್ತಿ ತರೋದೇ ಅದು, ಸರ ಕಾಣ್ತಿಲ್ಲ, ಯಾರು ತಗೊಂಡ್ರು ನೋಡಿ ಅಂತ. ಮೊರದಲ್ಲಿ ಏನು ಬಿದ್ರೂ ಆ ಮನೆಯವ್ರ ಮನಸ್ಸಲ್ಲಿ ಮೊದ್ಲೇ ಒಂದು ಹೆಸ್ರಿರುತ್ತೆ, ನೂರಕ್ಕೆ ತೊಂಬತ್ತು ಪಾಲು ಅದು ಪಾತ್ರೆ ತೊಳೆಯೋಕೆ ಬರೋವ್ಳ ಹೆಸ್ರು, ನಾನು ಪಿನ್ನು ಅಂದ್ರೂ ಅವ್ಳೇ, ಗುಂಡಿ ಅಂದ್ರೂ ಅವ್ಳೇ. ಪಕ್ಕದ ಬೀದಿಯವ್ರೊಬ್ರು ಕೇಳ್ಕೊಂಡು ಬಂದಾಗ ಚೀಲ ಬಿಚ್ಚಲೇ ಇಲ್ಲ, ಮಂಚದ ಕೆಳಗೆ, ಸಿಂಕ್ ಪೈಪ್ ಬಿಚ್ಚಿ ಒಂದ್ಸಲ ನೋಡಿ ಆಂಟಿ ಅಂತ ಹೇಳಿ ಕಳಿಸ್ದೆ. ಕಾಯಿಲೆ, ಕೋರ್ಟು ಕೇಸು ಇವೂ ಬೇಡ ಅಂತೀನಿ, ಅದಕ್ಕೆ ಓದಿಕೊಂಡವ್ರು ಇದಾರೆ. ಉಳಿದಿದ್ದು ಕೆಲಸ ಬಿಡ್ಲಾ, ಮನೆ ಬದಲಾಯಿಸ್ಲಾ, ಅವ್ಳಿಗೆ ಫೋನ್ ಮಾಡ್ಲಾ ಅನ್ನೋ ಥರದ್ದು, ಅದಕ್ಕೆ ಯಾವಾಗ ಬೇಕಾದ್ರೂ ಮೊರ ಇಳಿಸ್ತೀನಿ, ಅಮಾವಾಸ್ಯೆ ಹುಣ್ಣಿಮೆ ಏನೂ ನೋಡಲ್ಲ, ಕೈ ಖಾಲಿ ಇರ್ಬೇಕು ಅಷ್ಟೇ.